ಮೊದಲು ಬೊಟಾಕ್ಸ್, ಆಮೇಲೆ ಫಿಲ್ಲರ್, ಕರಗದೇ ಇರುವುದು ಕೊನೆಗೆ

"ಬೊಟಾಕ್ಸ್ ಮಾಡಿಸೋದಾ, ಫಿಲ್ಲರ್ ಮಾಡಿಸೋದಾ?" ಎಂದು ಕೇಳುವವರೇ ಹೆಚ್ಚು. ಎರಡೂ ಸೂಜಿಯಲ್ಲೇ ಹೋಗುತ್ತವೆ, ಒಂದೇ ದರಪಟ್ಟಿಯಲ್ಲಿ ಅಕ್ಕಪಕ್ಕ ಇರುತ್ತವೆ, ಹಾಗಾಗಿ ಒಂದರ ಬದಲಿಗೆ ಇನ್ನೊಂದು ನಡೆಯುತ್ತದೆ ಅನ್ನಿಸುತ್ತದೆ. ಆದರೆ ಬೊಟಾಕ್ಸ್ ಸ್ನಾಯುವನ್ನು ಸಡಿಲಿಸುತ್ತದೆ, ಫಿಲ್ಲರ್ ಎಂಬ ಜೆಲ್ ಇಳಿದ ಜಾಗವನ್ನು ತುಂಬುತ್ತದೆ. ಕೊಲಾಜನ್ ಬೆಳೆಸುವ ಚುಚ್ಚುಮದ್ದುಗಳು ಮೂರನೆಯ ಗುಂಪು. ಅವು ತೆಳುವಾದ ಚರ್ಮವನ್ನು ನಿಧಾನವಾಗಿ ದಪ್ಪಗೊಳಿಸುತ್ತವೆ. ನಲವತ್ತು ದಾಟಿದ ಮುಖದಲ್ಲಿ ಸ್ನಾಯುವಿನ ಎಳೆತ, ಕೊಬ್ಬು ಮತ್ತು ಮೂಳೆಯ ಇಳಿತ, ಚರ್ಮದ ತೆಳುತನ ಮೂರೂ ಸೇರಿಕೊಂಡಿರುತ್ತವೆ. ಒಂದೇ ಮದ್ದಿನಿಂದ ಮೂರನ್ನೂ ಸರಿಪಡಿಸಲು ಹೊರಟಾಗಲೇ ಅಲುಗಾಡದ ಹಣೆ, ಉಬ್ಬಿದ ಕೆನ್ನೆಯ ಮುಖಗಳು ತಯಾರಾಗುವುದು. ಚಿಕಿತ್ಸೆಗಳನ್ನು ಜೋಡಿಸಿದರೆ ಪ್ರತಿಯೊಂದರ ಪ್ರಮಾಣವೂ ಇಳಿಯುತ್ತದೆ. ಜೋಡಣೆಯ ನಿಜವಾದ ಲಾಭ ಇದೇ.

ಇಲ್ಲಿ ಬರೆದಿರುವ ಅಳತೆಗಳು ನಿಮ್ಮ ವೈದ್ಯರು ಹೇಳುವ ಯೋಜನೆ ನಿಮಗೆ ಅರ್ಥವಾಗಲಿ, ಸರಿಯಾದ ಪ್ರಶ್ನೆ ಕೇಳಲು ಬರಲಿ ಎಂದು. ಆನ್‌ಲೈನ್‌ನಲ್ಲಿ ತರಿಸಿ ಮನೆಯಲ್ಲಿ ಚುಚ್ಚಿಕೊಳ್ಳುವುದಕ್ಕಂತೂ ಖಂಡಿತ ಅಲ್ಲ.

ಕನ್ನಡಿ ಮುಂದೆ ಒಂದು ಸರಳ ಪರೀಕ್ಷೆ ಇದೆ. ಮುಖವನ್ನು ಸಡಿಲ ಬಿಟ್ಟು ನೋಡಿ, ಆಮೇಲೆ ಹುಬ್ಬು ಗಂಟಿಕ್ಕಿ, ಹುಬ್ಬು ಏರಿಸಿ, ಜೋರಾಗಿ ನಗಿ. ಮುಖ ಆಡಿದಾಗ ಮಾತ್ರ ಕಾಣುವ ಗೆರೆ ಸ್ನಾಯುವಿನದ್ದು, ಅದಕ್ಕೆ ಬೊಟಾಕ್ಸ್ ಒಂದೇ ಸಾಕು. ಸಡಿಲ ಬಿಟ್ಟಾಗಲೂ ಉಳಿಯುವ ಗೆರೆ ಚರ್ಮದಲ್ಲೇ ಮಡಿಕೆಯಾಗಿ ಕೂತಿದೆ, ಅದಕ್ಕೆ ಎರಡೂ ಬೇಕಾಗಬಹುದು. ಮಲಗಿಕೊಂಡು ಕನ್ನಡಿ ಹಿಡಿದಾಗ ಮೂಗಿನ ಪಕ್ಕದ ಮಡಿಕೆ ಕಡಿಮೆಯಾಯಿತೇ? ಹಾಗಿದ್ದರೆ ತೊಂದರೆಯ ಮೂಲ ಮೇಲಿದೆ: ಕೆನ್ನೆ ಇಳಿದಿದೆ. ಮಡಿಕೆಗೇ ಫಿಲ್ಲರ್ ತುಂಬಿದರೆ ಬಾಯಿಯ ಸುತ್ತ ಭಾರ ಕಾಣುತ್ತದೆ, ಕೆನ್ನೆ ಮಾತ್ರ ಇದ್ದ ಹಾಗೇ ಇರುತ್ತದೆ.

ಬೊಟಾಕ್ಸ್‌ನಿಂದ ಶುರುಮಾಡೋಣ, ಏಕೆಂದರೆ ಬಹುಪಾಲು ಮುಖಗಳಲ್ಲಿ ಅದೇ ಮೊದಲು ಆಗಬೇಕು. ಮದ್ದಿನ ನಿಜವಾದ ಹೆಸರು ಬೊಟುಲಿನಂ ಟಾಕ್ಸಿನ್ ಎ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ಸಂದೇಶ ಒಯ್ಯುವ ರಾಸಾಯನಿಕ ಹೊರಬರದಂತೆ ಅದು ತಡೆಯುತ್ತದೆ, ಸ್ನಾಯುವಿಗೆ ಕುಗ್ಗುವ ಆದೇಶ ತಲುಪುವುದಿಲ್ಲ. ಎರಡು ಮೂರು ದಿನಕ್ಕೆ ಪರಿಣಾಮ ಶುರುವಾಗಿ 14ನೇ ದಿನಕ್ಕೆ ಪೂರ್ತಿಯಾಗುತ್ತದೆ, ಮೂರು ನಾಲ್ಕು ತಿಂಗಳು ನಿಲ್ಲುತ್ತದೆ. ಹುಬ್ಬುಗಳ ನಡುವಿನ ಗೆರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಒಪ್ಪಿಗೆ ಕೊಟ್ಟಿತು, ಕಣ್ಣಂಚಿನ ಗೆರೆಗೆ 2013ರಲ್ಲಿ, ಹಣೆಗೆ 2017ರಲ್ಲಿ.

ಸೀಸೆಯಲ್ಲಿ ಮದ್ದು ಒಣ ಪುಡಿಯಾಗಿರುತ್ತದೆ, ತಳದಲ್ಲಿ ಕಂಡೂ ಕಾಣದಂತಹ ತೆಳು ಪೊರೆ. 100 ಯೂನಿಟ್ ಬೊಟಾಕ್ಸ್ ಸೀಸೆಗೆ 2.5 ಮಿ.ಲೀ. ಸಲೈನ್ ಬೆರೆಸಿದರೆ ಪ್ರತಿ 0.1 ಮಿ.ಲೀ.ನಲ್ಲಿ 4 ಯೂನಿಟ್ ಬರುತ್ತದೆ. ಹುಬ್ಬುಗಳ ನಡುವೆ ಐದು ಬಿಂದು, ಪ್ರತಿಯೊಂದಕ್ಕೂ 4, ಒಟ್ಟು 20 ಯೂನಿಟ್: ಮಧ್ಯದ ಪ್ರೊಸೀರಸ್ ಸ್ನಾಯುವಿಗೆ ಒಂದು, ಹುಬ್ಬು ಗಂಟಿಕ್ಕುವ ಎರಡೂ ಬದಿಯ ಕೊರುಗೇಟರ್ ಸ್ನಾಯುವಿಗೆ ಎರಡೆರಡು. ಕಣ್ಣಂಚಿಗೆ ಒಂದೊಂದು ಬದಿಗೆ ಮೂರು ಬಿಂದುಗಳಲ್ಲಿ 12 ಯೂನಿಟ್. ಹಣೆಗೆ ಲೇಬಲ್ ಪ್ರಕಾರ 20, ಅದೂ ಹುಬ್ಬಿನ ನಡುವಿನ 20ರ ಜೊತೆಗೇ. ಎಲ್ಲ ಸೇರಿ 64. ಈ ಲೆಕ್ಕ ಬೊಟಾಕ್ಸ್‌ನದ್ದು ಮಾತ್ರ. ಡಿಸ್ಪೋರ್ಟ್‌ನ ಯೂನಿಟ್ ಬೇರೆ, ಅದೇ ಹುಬ್ಬಿನ ನಡುವಿಗೆ ಅಲ್ಲಿ 50 ಬೇಕು. "ಅಲ್ಲಿ 50 ಹಾಕಿದರು, ಇಲ್ಲಿ ಬರೀ 20" ಎಂದು ಎರಡು ಕ್ಲಿನಿಕ್‌ಗಳನ್ನು ಹೋಲಿಸುವ ಮುನ್ನ ಬ್ರ್ಯಾಂಡ್ ಯಾವುದು ಎಂದು ನೋಡಿಕೊಳ್ಳಿ.

ಹಣೆಯ ವಿಷಯದಲ್ಲಿ ಕೈ ಹಿಡಿದು ಹಾಕುವುದು ಒಳ್ಳೆಯದು. ಹುಬ್ಬನ್ನು ಮೇಲೆತ್ತುವ ಸ್ನಾಯು ಮುಖದಲ್ಲಿ ಫ್ರಾಂಟಾಲಿಸ್ ಒಂದೇ. ಕಣ್ಣಿನ ಮೇಲಿನ ಚರ್ಮ ಜೋತುಬಿದ್ದವರು ಗೊತ್ತಿಲ್ಲದೇ ಇಡೀ ದಿನ ಅದನ್ನು ದುಡಿಸುತ್ತಿರುತ್ತಾರೆ. ಅದನ್ನು ಪೂರ್ತಿ ಸಡಿಲಿಸಿದರೆ ಹಣೆ ನುಣುಪಾಗುತ್ತದೆ, ಹುಬ್ಬು ಕಣ್ಣಿನ ಮೇಲೆ ಕೂರುತ್ತದೆ, ಸಂಜೆಯ ಹೊತ್ತಿಗೆ ಕಣ್ಣು ಭಾರ ಎಂಬ ದೂರು ಬರುತ್ತದೆ. ಅಂಥವರಿಗೆ 8ರಿಂದ 10 ಯೂನಿಟ್‌ನಲ್ಲಿ ಶುರುಮಾಡಿ, ಹುಬ್ಬಿನ ಮೇಲಿನ ಎರಡು ಸೆಂ.ಮೀ. ಜಾಗ ಬಿಟ್ಟು, ಎರಡು ವಾರದ ನಂತರ ಬೇಕಿದ್ದರೆ ಸೇರಿಸುವುದು ಜಾಣತನ. ಹಣೆಯ ಮಧ್ಯಕ್ಕೆ ಮಾತ್ರ ಹಾಕಿ ಬದಿ ಬಿಟ್ಟರೆ ಹುಬ್ಬಿನ ಹೊರತುದಿ ಚೂಪಾಗಿ ಮೇಲೇಳುತ್ತದೆ. ಆ ತುದಿಯ ಮೇಲೆ 1ರಿಂದ 2 ಯೂನಿಟ್ ಹಾಕಿದರೆ ಇಳಿಯುತ್ತದೆ. ರೆಪ್ಪೆಯೇ ಜಾರಿದರೆ ಕಾರಣ ಬೇರೆ. ಕೊರುಗೇಟರ್‌ಗೆ ಹಾಕಿದ ಮದ್ದು ಕೆಳಗಿಳಿದು ರೆಪ್ಪೆ ಎತ್ತುವ ಸ್ನಾಯುವಿಗೆ ತಲುಪಿರುತ್ತದೆ. ಅದಕ್ಕೇ ಹೊರಬದಿಯ ಬಿಂದು ಹುಬ್ಬಿನ ಮೂಳೆಯ ಅಂಚಿನಿಂದ ಕನಿಷ್ಠ 1 ಸೆಂ.ಮೀ. ಮೇಲಿರಬೇಕು. ಜಾರಿದ ರೆಪ್ಪೆ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಲ್ಲಿಯವರೆಗೆ 0.5% ಅಪ್ರಾಕ್ಲೋನಿಡಿನ್ ಹನಿ ಒಂದೆರಡು ಮಿ.ಮೀ. ಎತ್ತಿಕೊಡುತ್ತದೆ.

ಎರಡು ವಾರ ಕಾದ ಮೇಲೆ ಫಿಲ್ಲರ್. ಈ ಎರಡು ವಾರಕ್ಕೆ ಒಳ್ಳೆಯ ಕಾರಣವಿದೆ. ಸ್ನಾಯು ಸಡಿಲಾದ ಮೇಲೆ ಎಷ್ಟು ಗೆರೆ ಉಳಿಯಿತು ಎಂಬುದು ಆಗಷ್ಟೇ ಕಾಣುತ್ತದೆ, ಹಲವರಿಗೆ ಅಂದುಕೊಂಡದ್ದಕ್ಕಿಂತ ಕಡಿಮೆ ಫಿಲ್ಲರ್ ಸಾಕಾಗುತ್ತದೆ. ಇನ್ನೊಂದು, ಆಡುವ ಸ್ನಾಯುವಿನ ಮೇಲೆ ಕೂತ ಜೆಲ್ ದಿನವೂ ಕಿವುಚಿಸಿಕೊಂಡು ಬೇಗ ಸವೆಯುತ್ತದೆ. ಸ್ನಾಯು ಸುಮ್ಮನಿದ್ದರೆ ಬಾಳಿಕೆ ಬರುತ್ತದೆ. ವ್ಯಾಂಕೂವರ್‌ನ ಜೀನ್ ಮತ್ತು ಅಲಸ್ಟೇರ್ ಕ್ಯಾರುದರ್ಸ್ ದಂಪತಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ಹುಬ್ಬಿನ ನಡುವೆ ಆಳವಾದ ಗೆರೆ ಇದ್ದ 38 ಮಹಿಳೆಯರಲ್ಲಿ ಕೆಲವರಿಗೆ ಹಯಲುರಾನಿಕ್ ಆಸಿಡ್ ಫಿಲ್ಲರ್ (ಬೇಡವಾದರೆ ಕರಗಿಸಬಹುದಾದ ಜೆಲ್) ಮಾತ್ರ, ಉಳಿದವರಿಗೆ ಬೊಟಾಕ್ಸ್ ಜೊತೆ ಫಿಲ್ಲರ್ ಕೊಡಲಾಗಿತ್ತು. ಗೆರೆ ಮೊದಲಿನ ಸ್ಥಿತಿಗೆ ಮರಳಲು ಫಿಲ್ಲರ್ ಮಾತ್ರ ಪಡೆದವರಿಗೆ ಹಿಡಿದದ್ದು 18 ವಾರ, ಎರಡೂ ಪಡೆದವರಿಗೆ 32 ವಾರ.

ಆ ಅಧ್ಯಯನ ನಡೆದ ಜಾಗಕ್ಕೇ ಇವತ್ತು ಫಿಲ್ಲರ್ ಹಾಕಲು ಅನುಭವಿಗಳು ಹಿಂಜರಿಯುತ್ತಾರೆ ಎಂಬುದನ್ನೂ ಹೇಳಲೇಬೇಕು. ಹುಬ್ಬುಗಳ ನಡುವಿನ ರಕ್ತನಾಳಗಳು ಕಣ್ಣಿನ ಅಪಧಮನಿಯ ಕವಲುಗಳು. ಜೆಲ್ ಅವುಗಳೊಳಗೆ ಒತ್ತಡದಿಂದ ಹೊಕ್ಕರೆ ಹಿಂದಕ್ಕೆ ಹರಿದು ರೆಟಿನಾದ ನಾಳವನ್ನು ಮುಚ್ಚಬಹುದು. 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಜಗತ್ತಿನಾದ್ಯಂತ ವರದಿಯಾದ, ಫಿಲ್ಲರ್‌ನಿಂದ ದೃಷ್ಟಿ ಹಾನಿಯಾದ 98 ಪ್ರಕರಣಗಳನ್ನು ಒಟ್ಟುಗೂಡಿಸಿತ್ತು. ಅತಿ ಹೆಚ್ಚು ಪ್ರಕರಣ ಹುಬ್ಬುಗಳ ನಡುವಿನವು, ಆಮೇಲೆ ಮೂಗಿನವು. ನಮ್ಮ ಅಭಿಪ್ರಾಯ ನೇರವಾಗಿದೆ: ಹುಬ್ಬುಗಳ ನಡುವೆ ಬೊಟಾಕ್ಸ್ ಸಾಕು. ಎರಡು ಮೂರು ಸಲ ತಪ್ಪದೇ ಮಾಡಿಸಿದರೆ ಕೂತ ಗೆರೆಯೂ ಬಹಳಷ್ಟು ತೆಳುವಾಗುತ್ತದೆ. ಉಳಿದ ಸಣ್ಣ ಗೆರೆಗೋಸ್ಕರ ಕಣ್ಣನ್ನು ಪಣಕ್ಕಿಡುವುದು ಬೇಡ.

ಫಿಲ್ಲರ್‌ನ ಸರಿಯಾದ ಜಾಗ ಮುಖದ ಮಧ್ಯಭಾಗ. ಕೆನ್ನೆಮೂಳೆಯ ಮೇಲೆ, ಮೂಳೆಗೆ ತಾಗುವಂತೆ, ಒಂದೊಂದು ಬಿಂದುವಿಗೆ 0.1ರಿಂದ 0.3 ಮಿ.ಲೀ. ನಿಧಾನವಾಗಿ ಇಟ್ಟರೆ ಒಂದು ಬದಿಗೆ ಅರ್ಧದಿಂದ 1 ಮಿ.ಲೀ.ನಲ್ಲಿ ಕೆನ್ನೆ ಎದ್ದು ನಿಲ್ಲುತ್ತದೆ. ಇದಕ್ಕೆ ಗಟ್ಟಿ ಜೆಲ್ ಬೇಕು. ಅದೇ ಜೆಲ್ಲನ್ನು ತುಟಿಗೋ ಕಣ್ಣಿನ ಕೆಳಗೋ ಹಾಕಿದರೆ ಗಂಟಾಗಿ ಕೈಗೆ ಸಿಗುತ್ತದೆ. ಕೆನ್ನೆ ಎದ್ದ ಮೇಲೆ ಮೂಗಿನ ಪಕ್ಕದ ಮಡಿಕೆ, ಕಣ್ಣಿನ ಕೆಳಗಿನ ಕುಳಿ ಎರಡೂ ಸ್ವಲ್ಪ ತುಂಬಿಕೊಂಡಂತೆ ಕಾಣುತ್ತವೆ, ಹಾಗಾಗಿ ಕೆನ್ನೆ ಮುಗಿಯದೆ ಅವುಗಳನ್ನು ಮುಟ್ಟಬಾರದು.

ಕಣ್ಣಿನ ಕೆಳಗಿನ ಕುಳಿಯನ್ನು ನಮ್ಮ ಮೈಬಣ್ಣದವರು ಎರಡು ಸಲ ಯೋಚಿಸಿ ಮಾಡಿಸಬೇಕು. ನಮ್ಮಲ್ಲಿ ಕಣ್ಣಿನ ಸುತ್ತಲಿನ ಕಪ್ಪಿಗೆ ಅನೇಕ ಸಲ ಮೆಲನಿನ್ ಕಾರಣ, ಕುಳಿಯ ನೆರಳಲ್ಲ. ಕುರ್ಚಿಯಲ್ಲಿ ಕೂತು ಟಾರ್ಚ್ ಬೆಳಕನ್ನು ಮೊದಲು ಮೇಲಿನಿಂದ, ಆಮೇಲೆ ನೇರ ಮುಂದಿನಿಂದ ಬಿಡಿಸಿ ನೋಡಿ. ಮುಂದಿನ ಬೆಳಕಿನಲ್ಲಿ ಕಪ್ಪು ಮಾಯವಾದರೆ ಅದು ನೆರಳು, ಫಿಲ್ಲರ್ ಕೆಲಸ ಮಾಡುತ್ತದೆ. ಕಪ್ಪು ಹಾಗೇ ಉಳಿದರೆ ಅದು ಬಣ್ಣ. ಅದಕ್ಕೆ ಸನ್‌ಸ್ಕ್ರೀನ್, ಕ್ರೀಮ್, ಪೀಲ್‌ನ ದಾರಿ, ಎಷ್ಟು ಸಿರಿಂಜ್ ಸುರಿದರೂ ಹೋಗದು. ನಿಜವಾದ ಕುಳಿಗೂ ಒಂದು ಬದಿಗೆ 0.2ರಿಂದ 0.5 ಮಿ.ಲೀ. ಮೃದು ಜೆಲ್ ಸಾಕು, ಮೂಳೆಯ ಮೇಲೆಯೇ ಕೂರಬೇಕು. ಚರ್ಮದ ಸನಿಹಕ್ಕೆ ಬಂದರೆ ನೀಲಿ ಛಾಯೆ ಬರುತ್ತದೆ, ಹೆಚ್ಚಾದರೆ ಜೆಲ್ ನೀರು ಹೀರಿ ಬೆಳಗಿನ ಹೊತ್ತು ಚೀಲದಂತೆ ಊದುತ್ತದೆ. ಎರಡಕ್ಕೂ ಹಯಲುರಾನಿಡೇಸ್ ಎಂಬ ಕಿಣ್ವ ಹಾಕಿ ಕರಗಿಸುವುದೇ ಪರಿಹಾರ, ಮೇಲೆ ಇನ್ನಷ್ಟು ಫಿಲ್ಲರ್ ಹಾಕುವುದಲ್ಲ.

ಜೋಡಣೆಯ ಚೆಂದ ನಿಜವಾಗಿ ಕಾಣುವುದು ಮುಖದ ಕೆಳಭಾಗದಲ್ಲಿ. ಗದ್ದವನ್ನೇ ತೆಗೆದುಕೊಳ್ಳಿ. ಗದ್ದ ಹಿಂದಕ್ಕಿರುವವರು ತುಟಿ ಮುಚ್ಚಲು ಮೆಂಟಾಲಿಸ್ ಸ್ನಾಯುವನ್ನು ಸದಾ ಬಿಗಿಹಿಡಿದಿರುತ್ತಾರೆ, ಗದ್ದದ ಚರ್ಮ ಕಿತ್ತಳೆ ಸಿಪ್ಪೆಯಂತೆ ಕಾಣುತ್ತದೆ. ಬರೀ ಫಿಲ್ಲರ್ ಹಾಕಿದರೆ ಆ ಸ್ನಾಯು ಜೆಲ್ಲನ್ನು ಒತ್ತಿ ಪಕ್ಕಕ್ಕೆ ತಳ್ಳುತ್ತದೆ. ಬರೀ ಬೊಟಾಕ್ಸ್ ಹಾಕಿದರೆ ಚರ್ಮ ನುಣುಪಾಗುತ್ತದೆ, ಗದ್ದ ಹಿಂದೆಯೇ ಉಳಿಯುತ್ತದೆ. ಮೆಂಟಾಲಿಸ್‌ಗೆ ಒಟ್ಟು 4ರಿಂದ 8 ಯೂನಿಟ್ ಹಾಕಿ, ಎರಡು ವಾರದ ನಂತರ ಮೂಳೆಯ ಮೇಲೆ 1 ಮಿ.ಲೀ. ಆಸುಪಾಸು ಗಟ್ಟಿ ಜೆಲ್ ಇಟ್ಟರೆ, ಪಕ್ಕದಿಂದ ನೋಡಿದಾಗ ಮೂಗು, ತುಟಿ, ಗದ್ದದ ಹೊಂದಿಕೆಯೇ ಬದಲಾಗುತ್ತದೆ. ಬೊಟಾಕ್ಸ್ ಮಧ್ಯಕ್ಕೆ ಹತ್ತಿರವಿರಬೇಕು; ಪಕ್ಕಕ್ಕೆ ಸರಿದರೆ ಕೆಳತುಟಿ ಇಳಿಸುವ ಸ್ನಾಯುವಿಗೆ ತಾಗಿ ನಗು ಸೊಟ್ಟಗಾಗುತ್ತದೆ.

ಬಾಯಿಯ ಮೂಲೆ ಕೆಳಗೆ ಜಗ್ಗಿ ಸದಾ ಬೇಸರದಲ್ಲಿದ್ದಂತೆ ಕಾಣುವ ಮುಖಕ್ಕೂ ಇದೇ ಕ್ರಮ. ಮೂಲೆಯನ್ನು ಕೆಳಗೆ ಎಳೆಯುವ ಡಿಎಒ ಸ್ನಾಯುವಿಗೆ ಒಂದೊಂದು ಬದಿಗೆ 2ರಿಂದ 4 ಯೂನಿಟ್, ದವಡೆಯ ಅಂಚಿನ ಹತ್ತಿರ, ಬಾಯಿಯ ಮೂಲೆಯಿಂದ ಹೊರಕ್ಕೆ. ಆಮೇಲೆ ಮೂಲೆಯ ಕೆಳಗಿನ ಮಡಿಕೆಗೆ ಅರ್ಧ ಮಿ.ಲೀ. ಸುತ್ತಮುತ್ತ ಫಿಲ್ಲರ್. ತುಟಿಯ ಮೇಲಿನ ಸಣ್ಣ ಗೆರೆಗಳಿಗೆ ಒಂದೊಂದು ಬಿಂದುವಿಗೆ 1 ಯೂನಿಟ್ ಮೀರಬಾರದು, ಹೆಚ್ಚಾದರೆ ಸ್ಟ್ರಾದಲ್ಲಿ ಎಳನೀರು ಕುಡಿಯುವುದೂ ಕಷ್ಟ. ನಾದಸ್ವರ, ಕೊಳಲು ನುಡಿಸುವವರು, ಹಾಡುಗಾರರು ಈ ಜಾಗಕ್ಕೆ ಬೊಟಾಕ್ಸ್ ಹಾಕಿಸಿಕೊಳ್ಳದಿರುವುದೇ ಮೇಲು. ಇನ್ನು ದವಡೆಯ ಮಸೀಟರ್ ಸ್ನಾಯುವನ್ನು ಸಣ್ಣ ಮಾಡಿಸುವುದು ಈಗ ಬಹಳ ಚಾಲ್ತಿಯಲ್ಲಿದೆ. ಇಪ್ಪತ್ತೈದರ ಮುಖದಲ್ಲಿ ಅದು ಒಪ್ಪುತ್ತದೆ. ಐವತ್ತರ ಮುಖದಲ್ಲಿ ಒಳಗಿನ ಆಸರೆ ಕಡಿಮೆಯಾಗಿ ಜೋಲು ಚರ್ಮ ಇನ್ನಷ್ಟು ಜೋಲುತ್ತದೆ.

ಊರಿಂದ ಬರುವವರು, ರಜೆಗೆ ವಿದೇಶದಿಂದ ಬಂದವರು "ಎರಡೂ ಒಂದೇ ದಿನ ಆಗಲ್ವಾ?" ಎಂದು ಕೇಳುತ್ತಾರೆ. ಆಗುತ್ತದೆ, ಆದರೆ ಕ್ರಮ ತಿರುಗುತ್ತದೆ. ಬೊಟಾಕ್ಸ್ ಬಿಂದುಗಳನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು, ಫಿಲ್ಲರ್‌ನ ಊತ ಬಂದರೆ ಸ್ನಾಯುವಿನ ಗುರುತು ತಪ್ಪುತ್ತದೆ. ನಂತರ ಫಿಲ್ಲರ್ ಹಾಕಿ, ಒತ್ತಿ ರೂಪ ಕೊಟ್ಟು ಮುಗಿಸಬೇಕು. ಬೊಟಾಕ್ಸ್ ಕೊನೆಯಲ್ಲಿ, ಏಕೆಂದರೆ ಅದರ ಮೇಲೆ ಮಸಾಜ್ ಬಿದ್ದರೆ ಮದ್ದು ಬೇಡದ ಸ್ನಾಯುವಿಗೆ ಹರಡುತ್ತದೆ. ಅದೇ ದಿನ ಚರ್ಮ ಬಿಗಿಗೊಳಿಸುವ ರೇಡಿಯೋಫ್ರೀಕ್ವೆನ್ಸಿಯೋ ಅಲ್ಟ್ರಾಸೌಂಡೋ ಇದ್ದರೆ ಅದು ಎಲ್ಲಕ್ಕಿಂತ ಮೊದಲು. ಒಂದೇ ದಿನ ಮುಗಿಸಿದವರು ಎರಡು ವಾರದ ನಂತರ ಮುಖ ತೋರಿಸಲು ಬರಲಾಗದಿದ್ದರೆ ಫಿಲ್ಲರ್ ಪ್ರಮಾಣವನ್ನು ಕಡಿಮೆಯಲ್ಲೇ ನಿಲ್ಲಿಸುವುದು ಕ್ಷೇಮ.

ಕೊಲಾಜನ್ ಬೆಳೆಸುವ ಮದ್ದುಗಳ ಸರದಿ ಕೊನೆಗೆ. ರೇಡಿಯೆಸ್‌ನಲ್ಲಿ ಇರುವುದು ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್‌ನ ಸೂಕ್ಷ್ಮ ಗೋಲಗಳು, ಸ್ಕಲ್ಪ್ಟ್ರಾದಲ್ಲಿ ಪಾಲಿ ಲ್ಯಾಕ್ಟಿಕ್ ಆಸಿಡ್‌ನ ಕಣಗಳು. ಇವುಗಳ ಸುತ್ತ ದೇಹವೇ ತಿಂಗಳುಗಟ್ಟಲೆ ಹೊಸ ಕೊಲಾಜನ್ ಕಟ್ಟುತ್ತದೆ. ಫಲ ಚೆನ್ನಾಗಿರುತ್ತದೆ, ಸ್ಕಲ್ಪ್ಟ್ರಾದ್ದು ಎರಡು ವರ್ಷದವರೆಗೂ ನಿಲ್ಲಬಹುದು. ಆದರೆ ಹಯಲುರಾನಿಕ್ ಆಸಿಡ್ ಫಿಲ್ಲರನ್ನು ಹಯಲುರಾನಿಡೇಸ್ ಒಂದು ದಿನದಲ್ಲಿ ಕರಗಿಸುವ ಹಾಗೆ ಇವುಗಳನ್ನು ಕರಗಿಸುವ ಮದ್ದು ಇಲ್ಲ. ಆದ್ದರಿಂದ ಮೊದಲ ಸಲ ಬರುವ ಮುಖಕ್ಕೆ ಇವನ್ನು ಮೊದಲ ಭೇಟಿಯಲ್ಲೇ ಹಾಕುವುದನ್ನು ನಾವು ಒಪ್ಪುವುದಿಲ್ಲ. ಮೊದಲು ಬೊಟಾಕ್ಸ್, ಅದು ತಾನಾಗಿ ಇಳಿಯುತ್ತದೆ. ಆಮೇಲೆ ಹಯಲುರಾನಿಕ್ ಫಿಲ್ಲರ್, ಬೇಡವಾದರೆ ಕರಗಿಸಬಹುದು. ಆ ಎರಡರಿಂದ ಮುಖದ ರೂಪ ಹೇಗೆ ಬದಲಾಗುತ್ತದೆಂದು ನೀವೂ ವೈದ್ಯರೂ ಕಂಡುಕೊಂಡ ಮೇಲೆ, ಒಂದೆರಡು ತಿಂಗಳು ಬಿಟ್ಟು ಇವು. ತುಟಿಗೆ, ಕಣ್ಣಿನ ಸುತ್ತಲಿಗೆ ಇವು ಬೇಡವೇ ಬೇಡ, ಅಲ್ಲಿ ಗಂಟಾಗುತ್ತದೆ. ಸ್ಕಲ್ಪ್ಟ್ರಾ ಹಾಕಿದ ಮೇಲೆ 5 ದಿನ, ದಿನಕ್ಕೆ 5 ಸಲ, 5 ನಿಮಿಷ ಮಸಾಜ್ ಮಾಡಬೇಕು. ಬೊಟಾಕ್ಸ್ ಹಾಕಿದ ದಿನ ಮುಖ ಉಜ್ಜಲೇಬಾರದು. ಎರಡನ್ನೂ ಒಂದೇ ದಿನ ಇಟ್ಟುಕೊಳ್ಳದಿರಲು ಇದೊಂದೇ ಕಾರಣ ಸಾಕು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ರಕ್ತನಾಳ ಮುಚ್ಚುವ ಅಪಾಯ. ಫಿಲ್ಲರ್ ಹಾಕುತ್ತಿರುವಾಗಲೇ ಚರ್ಮ ಒಮ್ಮೆಲೆ ಬಿಳುಚುವುದು ಮೊದಲ ಸೂಚನೆ. ನಂತರ ಆ ಭಾಗದಲ್ಲಿ ಬಲೆಯಂತೆ ನೀಲಿಗೆಂಪು ಗೆರೆ ಹರಡುತ್ತದೆ. ನಮ್ಮ ಮೈಬಣ್ಣದಲ್ಲಿ ಈ ಬಿಳಿ, ನೀಲಿ ಎರಡೂ ಮಸುಕಾಗಿ ಕಾಣುವುದರಿಂದ ಕಣ್ಣಿಗಿಂತ ಬೆರಳನ್ನು ನಂಬಬೇಕು. ಚರ್ಮವನ್ನು ಒತ್ತಿ ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಅದೂ ಎದುರು ಬದಿಗಿಂತ ನಿಧಾನವಾದರೆ, ರಕ್ತ ಸರಿಯಾಗಿ ಓಡುತ್ತಿಲ್ಲ. ಜೋರು ನೋವೂ ಸೂಚನೆಯೇ, ಆದರೆ ಬಹಳಷ್ಟು ಫಿಲ್ಲರ್‌ಗಳಲ್ಲಿ ಮರಗಟ್ಟಿಸುವ ಲಿಡೋಕೇನ್ ಇರುವುದರಿಂದ ಮೊದಲ ಗಂಟೆಗಳಲ್ಲಿ ನೋವು ಗೊತ್ತಾಗದೇ ಇರಬಹುದು. ಎರಡು ಮೂರನೇ ದಿನ ಅದೇ ಜಾಗದಲ್ಲಿ ಸಣ್ಣ ಕೀವುಗುಳ್ಳೆಗಳು ಎದ್ದರೆ ಮೊಡವೆ ಎಂದೋ ಸರ್ಪಸುತ್ತು ಎಂದೋ ಮುಲಾಮು ಹಚ್ಚಿ ಕೂರುವವರಿದ್ದಾರೆ. ಅಷ್ಟರಲ್ಲಿ ಚರ್ಮ ಸಾಯತೊಡಗಿರುತ್ತದೆ. ಚಿಕಿತ್ಸೆ ಹಯಲುರಾನಿಡೇಸ್, ಧಾರಾಳವಾಗಿ: ಒಂದು ಸಣ್ಣ ಭಾಗಕ್ಕೆ 500 ಯೂನಿಟ್ ಆಸುಪಾಸು, ಎರಡು ಮೂರು ಭಾಗ ಸೇರಿದರೆ 1000, 1500, ರಕ್ತ ಮರಳುವವರೆಗೆ ಗಂಟೆಗೊಮ್ಮೆ. ನಮ್ಮಲ್ಲಿ ಅದು 1500 ಯೂನಿಟ್ ಸೀಸೆಯಲ್ಲಿ ಸಿಗುತ್ತದೆ. "ಎಷ್ಟು ಸೀಸೆ ಇಟ್ಟಿದ್ದೀರಿ?" ಎಂದು ಫಿಲ್ಲರ್‌ಗೆ ಮುಂಚೆ ಕೇಳಿ. ಒಂದೂ ಇಲ್ಲದ ಕಡೆ, ತರಿಸಿಕೊಳ್ಳುತ್ತೇವೆ ಎನ್ನುವ ಕಡೆ ಕುರ್ಚಿ ಬಿಟ್ಟು ಎದ್ದುಬನ್ನಿ. ದೃಷ್ಟಿ ಮಂಜಾದರೆ, ಕಣ್ಣು ನೋವು ಬಂದರೆ ಆ ಕ್ಷಣವೇ ಕಣ್ಣಿನ ಆಸ್ಪತ್ರೆಗೆ ಧಾವಿಸಬೇಕು, ರೆಟಿನಾಗೆ ಸಿಗುವ ಅವಕಾಶ ಒಂದು ಒಂದೂವರೆ ಗಂಟೆ ಮಾತ್ರ.

ಈ ಅಪಾಯ ತಗ್ಗಿಸಲು ಚೂಪಿಲ್ಲದ ತುದಿಯ ಕ್ಯಾನ್ಯುಲಾ ನೆರವಾಗುತ್ತದೆ, 25 ಗೇಜ್ ಅಥವಾ ಅದಕ್ಕಿಂತ ದಪ್ಪದ್ದು (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತೆಳು). 27 ಗೇಜ್‌ನಷ್ಟು ಸಣ್ಣದಾದರೆ ಅದೂ ಸೂಜಿಯಂತೆಯೇ ನಾಳವನ್ನು ತೂರುತ್ತದೆ. ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬಿಡುವುದು ಇನ್ನೂ ಮುಖ್ಯ. ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದಾಗ ರಕ್ತ ಬರಲಿಲ್ಲ ಎಂದ ಮಾತ್ರಕ್ಕೆ ನಾಳದಲ್ಲಿಲ್ಲ ಎಂದು ನಂಬುವಂತಿಲ್ಲ, ಸೂಜಿಯಲ್ಲಿ ತುಂಬಿರುವ ಗಟ್ಟಿ ಜೆಲ್ ರಕ್ತವನ್ನು ತಡೆಯುತ್ತದೆ.

ಯಾರಿಗೆ ಬೇಡ? ಗರ್ಭಿಣಿಯರು, ಹಾಲೂಡಿಸುವವರು, ಸ್ನಾಯು ದುರ್ಬಲವಾಗುವ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆ ಇರುವವರು. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚುಮದ್ದು ನಡೆಯುತ್ತಿದ್ದರೆ ಬೊಟಾಕ್ಸ್ ಮುಂದೂಡಿ, ಪರಿಣಾಮ ಹೆಚ್ಚಾಗಬಹುದು. ಹಿಂದೆಂದೋ ಸಿಲಿಕೋನ್ ಹಾಕಿಸಿಕೊಂಡಿದ್ದರೆ ಮುಚ್ಚಿಡಬೇಡಿ. ಹಲ್ಲಿನ ಕೆಲಸಕ್ಕೂ ಫಿಲ್ಲರ್‌ಗೂ ಎರಡು ವಾರ ಅಂತರ ಇರಲಿ, ಬಾಯಿಯ ಸೋಂಕು ರಕ್ತದ ಮೂಲಕ ಜೆಲ್ ತಲುಪಿ ಗಂಟಾಗುವುದುಂಟು. ಮೀನೆಣ್ಣೆ, ವಿಟಮಿನ್ ಇ ಮಾತ್ರೆಗಳನ್ನು ವಾರ ಮುಂಚೆ ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಿದ ಕಲೆ ಕಡಿಮೆ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು.

ಮನೆಯಲ್ಲಿ ಮದುವೆ ಇದ್ದರೆ ಮುಹೂರ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ. ಎಂಟು ವಾರ ಮುಂಚೆ ಬೊಟಾಕ್ಸ್, ಆರು ವಾರ ಮುಂಚೆ ಫಿಲ್ಲರ್, ನಾಲ್ಕು ವಾರ ಮುಂಚೆ ತಿದ್ದುಪಡಿ. ಆಮೇಲೆ ಮುಖಕ್ಕೆ ಸೂಜಿ ಬೇಡ. ನಮ್ಮ ಚರ್ಮದಲ್ಲಿ ಸೂಜಿಯ ಕಲೆ ಕಪ್ಪಾಗಿ ಕೆಲವು ವಾರ ಉಳಿಯಬಹುದು, ಬಿಸಿಲಿಗೆ ಹೋದರೆ ಇನ್ನೂ ಹೆಚ್ಚು. ಅರಿಶಿನ ಶಾಸ್ತ್ರದಲ್ಲಿ ಮುಖ ಉಜ್ಜುತ್ತಾರೆ, ಎಣ್ಣೆಶಾಸ್ತ್ರದಲ್ಲಿ ತಲೆ ಮುಖ ತಿಕ್ಕುತ್ತಾರೆ, ಪಾರ್ಲರ್‌ನಲ್ಲಿ ಫೇಶಿಯಲ್ ಇರುತ್ತದೆ. ಫಿಲ್ಲರ್ ಆಗಿ ಎರಡು ವಾರದೊಳಗೆ ಇವು ಯಾವುದೂ ಬೀಳದಂತೆ ನೋಡಿಕೊಳ್ಳಿ. ಚುಚ್ಚಿದ ದಿನ ಆ ಬಿಂದುಗಳ ಮೇಲೆ ಕುಂಕುಮ, ಅರಿಶಿನ, ಮೇಕಪ್ ಬೇಡ. ಬೊಟಾಕ್ಸ್ ನಂತರ 4 ಗಂಟೆ ಮಲಗದಿರುವುದು, ಒಂದು ದಿನ ಜಿಮ್ ಮತ್ತು ಬಿಸಿನೀರಿನ ಅಭ್ಯಂಜನ ಬಿಡುವುದು ಸಾಕು.

ಕರ್ನಾಟಕದಲ್ಲಿ ಕ್ಲಿನಿಕ್ ನಡೆಸಲು ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು, ಆ ಪ್ರಮಾಣಪತ್ರ ಕಾಣುವಂತೆ ಹಾಕಿರಬೇಕು. ಸೂಜಿ ಹಿಡಿಯುವವರ ವೈದ್ಯಕೀಯ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ನಕಲಿ ಮದ್ದಿನ ಭಯ ಸುಳ್ಳಲ್ಲ. 2024ರಲ್ಲಿ ಅಮೆರಿಕದಲ್ಲೇ ನಕಲಿ ಬೊಟಾಕ್ಸ್‌ನಿಂದ ಜನ ಆಸ್ಪತ್ರೆ ಸೇರಿದಾಗ ಎಫ್‌ಡಿಎ ಎಚ್ಚರಿಕೆ ಹೊರಡಿಸಿತ್ತು. ಸೀಸೆಯನ್ನು ಫ್ರಿಜ್‌ನಿಂದ ತೆಗೆದು ನಿಮ್ಮ ಮುಂದೆಯೇ ಬೆರೆಸಲಿ. ಮೊದಲೇ ತುಂಬಿಟ್ಟ ಸಿರಿಂಜ್ ತಂದರೆ ಯಾವ ಬ್ರ್ಯಾಂಡ್, ಎಂದು ಬೆರೆಸಿದ್ದು, ಎಷ್ಟು ಸಲೈನ್ ಎಂದು ಕೇಳಿ. ಫಿಲ್ಲರ್ ಪೆಟ್ಟಿಗೆಯಲ್ಲಿ ಲಾಟ್ ಸಂಖ್ಯೆಯ ಅಂಟುಚೀಟಿ ಇರುತ್ತದೆ, ಒಂದು ಕ್ಲಿನಿಕ್ಕಿನ ಕಡತಕ್ಕೆ, ಇನ್ನೊಂದು ನಿಮ್ಮ ಕೈಗೆ. ಅದರ ಪಕ್ಕ ದಿನಾಂಕ, ಯಾವ ಜಾಗಕ್ಕೆ ಎಷ್ಟು ಯೂನಿಟ್, ಎಷ್ಟು ಮಿ.ಲೀ. ಎಂದು ಬರೆಸಿಕೊಳ್ಳಿ. ಆರು ತಿಂಗಳ ಮೇಲೆ ಜ್ವರ ಬಂದು ಕೆನ್ನೆಯಲ್ಲಿ ಗಂಟು ಊದಿದರೆ, ಬೇರೆ ಊರಿನ ವೈದ್ಯರಿಗೆ ಒಳಗಿರುವುದು ಕರಗುವ ಜೆಲ್ಲೋ ಕರಗದ ಕಣಗಳೋ ಎಂದು ಮೊದಲ ನಿಮಿಷದಲ್ಲೇ ತಿಳಿಯುವುದು ಆ ಚೀಟಿಯಿಂದ.